ಹಾರೋದು ಇಪ್ಪತ್ತು ನಿಮಿಷ, ಒರೆಸೋದು ಒಂದು ಗಂಟೆ

ಓದುಗರ ಪ್ರಶ್ನೆ, ಏರ್‌ಫೋರ್ಸ್ ಮಾಜಿ ಮೆಕ್ಯಾನಿಕ್ ಉತ್ತರ

ಮೊದ್ಲೆಲ್ಲ ಈ ಅಂಕಣಕ್ಕೆ ಬರ್ತಿದ್ದ ಪತ್ರ ಅಂದ್ರೆ ಪಿಂಚಣಿ, ಕ್ಯಾಂಟೀನ್ ಕಾರ್ಡು, ಹುಡುಗನ್ನ ಮಿಲಿಟರಿಗೆ ಸೇರಿಸೋದು ಹೆಂಗೆ, ಇಷ್ಟೇ. 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗ ಹತ್ರದ ಸೊಗಾನೆ ಏರ್‌ಪೋರ್ಟ್ ಉದ್ಘಾಟನೆ ಆಯ್ತು, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗ್ಳೂರಿಂದ ಮೊದಲ ಪ್ಯಾಸೆಂಜರ್ ವಿಮಾನ ಬಂದು ಇಳೀತು, ಅವತ್ತಿಂದ ಮನೆಮನೇಲೂ ಒಂದೊಂದು ಪೈಲಟ್ ಹುಟ್ಟಿಕೊಂಡಿದೆ ಮಾರಾಯ್ರೆ. ಈ ಸಲ ಬಂದ ಪತ್ರದಲ್ಲಿ ಮುಕ್ಕಾಲು ಭಾಗ ಎನ್‌ಸಿಸಿ ಏರ್ ವಿಂಗ್, ಅಂದ್ರೆ ಸ್ಕೂಲು ಕಾಲೇಜು ಮಕ್ಕಳ ಎನ್‌ಸಿಸಿಯ ವಿಮಾನದ ವಿಭಾಗ, ಅದರ ಬಗ್ಗೇನೇ.

ಮೊದ್ಲೇ ಹೇಳಿಬಿಡ್ತೀನಿ, ನಾನು ಪೈಲಟ್ ಅಲ್ಲ. ಏರ್‌ಫೋರ್ಸಲ್ಲಿ ಇಪ್ಪತ್ತು ವರ್ಷ ವಿಮಾನದ ಹೊಟ್ಟೆ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸಿದವನು, ಅದರಲ್ಲಿ ಮೂರು ವರ್ಷ ಒಂದು ಎನ್‌ಸಿಸಿ ಏರ್ ಸ್ಕ್ವಾಡ್ರನ್‌ನಲ್ಲಿ (ಏರ್ ವಿಂಗಿನ ಒಂದು ಘಟಕ) ಕೆಡೆಟ್‌ಗಳ ಜೊತೆ ಕಳೆದವನು. ಈಗ ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಹಾಗಾಗಿ ಉತ್ತರ ಕಾಕ್‌ಪಿಟ್ ಒಳಗಿಂದ ಅಲ್ಲ, ರೆಕ್ಕೆ ಕೆಳಗಿಂದ ಬರುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಪ್ರಶ್ನೆ: ನನ್ನ ಮಗಳು ಫಸ್ಟ್ ಪಿಯುಸಿ ಸೈನ್ಸ್ ಓದ್ತಿದಾಳೆ. ಸೊಗಾನೆಗೆ ಒಂದ್ಸಲ ನೆಂಟರನ್ನ ಬಿಡೋಕೆ ಹೋಗಿ ಬಂದಾಗಿಂದ ಪೈಲಟ್ಟೇ ಆಗ್ಬೇಕು ಅಂತ ಕೂತಿದಾಳೆ. ಎನ್‌ಸಿಸಿ ಏರ್ ವಿಂಗ್ ಸೇರಿದ್ರೆ ಪುಕ್ಕಟೆ ವಿಮಾನ ಓಡಿಸೋದು ಕಲಿಸ್ತಾರೆ ಅಂತ ಯಾರೋ ಹೇಳಿದ್ರು. ನಿಜಾನಾ? ನಮ್ಮ ಕಡೆ ಎಲ್ಲಿ ಸೇರ್ಬೇಕು?
(ಒಬ್ಬ ತಾಯಿ, ಹೊಸನಗರ ತಾಲೂಕು)

ಉತ್ತರ: ಅಮ್ಮಾ, ಅರ್ಧ ನಿಜ. ಪುಕ್ಕಟೆ ಅನ್ನೋದು ಪೂರ್ತಿ ನಿಜ, ಯೂನಿಫಾರ್ಮ್ ಖರ್ಚೂ ಅವರದ್ದೇ, ಪರೇಡ್ ಮುಗಿದ ಮೇಲೆ ತಿಂಡೀನೂ ಸಿಗುತ್ತೆ, ಕ್ಯಾಂಪಿಗೆ ಹೋದ್ರೆ ಊಟ ವಸತಿ ಅವರದ್ದೇ. ಆದ್ರೆ ‘ಓಡಿಸೋದು ಕಲಿಸ್ತಾರೆ’ ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು.

ಎನ್‌ಸಿಸಿ ಶುರುವಾಗಿದ್ದು 1948ರ ಕಾಯ್ದೆಯಿಂದ. ಮೊದಲು ಭೂಸೇನೆ ವಿಂಗ್ ಮಾತ್ರ ಇತ್ತು, 1950ರಲ್ಲಿ ಬಾಂಬೆ, ಕಲ್ಕತ್ತಾದಲ್ಲಿ ಒಂದೊಂದು ಏರ್ ಸ್ಕ್ವಾಡ್ರನ್ ತೆರೆದ್ರು, ಅಲ್ಲಿಂದ ಏರ್ ವಿಂಗ್ ಬೆಳೀತು. ಹೈಸ್ಕೂಲ್ ಮಕ್ಕಳಿಗೆ ಜೂನಿಯರ್, ಎರಡು ವರ್ಷ, ಕೊನೇಗೆ ‘ಎ’ ಸರ್ಟಿಫಿಕೇಟ್. ಕಾಲೇಜಿನವರಿಗೆ ಸೀನಿಯರ್, ಮೂರು ವರ್ಷ, ‘ಬಿ’ ಆಮೇಲೆ ‘ಸಿ’. ಡ್ರಿಲ್ಲು, ರೈಫಲ್ಲು, ಮ್ಯಾಪ್ ಓದೋದು ಎಲ್ಲಾ ವಿಂಗಿಗೂ ಇದ್ದದ್ದೇ. ಏರ್ ವಿಂಗಿನವರಿಗೆ ಅದರ ಮೇಲೆ ವಿಮಾನ ಯಾಕೆ ಹಾರುತ್ತೆ, ಎಂಜಿನ್ ಹೆಂಗೆ ಓಡುತ್ತೆ, ಹವಾಮಾನ, ದಿಕ್ಕು ಹಿಡಿಯೋದು, ರೇಡಿಯೋದಲ್ಲಿ ಮಾತಾಡೋ ರೀತಿ, ಏರೋಮಾಡೆಲಿಂಗ್, ಇವೆಲ್ಲ ಇರುತ್ತೆ. ಹಾರಾಟದ ಅವಕಾಶ ಮುಖ್ಯವಾಗಿ ಸೀನಿಯರ್ ಕೆಡೆಟ್‌ಗಳಿಗೆ.

ಹಾರಿಸೋದು ಮೈಕ್ರೋಲೈಟ್ ವಿಮಾನ. ಅಂದ್ರೆ ಎರಡೇ ಸೀಟು, ಇಬ್ಬರು ಕೂತು ಪೆಟ್ರೋಲ್ ತುಂಬಿದ್ರೂ ನಮ್ಮ ದೇಶದ ಲೆಕ್ಕದಲ್ಲಿ ಸುಮಾರು 450 ಕೆ.ಜಿ. ದಾಟಬಾರದು, ಒಂದು ಮಾರುತಿ ಕಾರಿಗಿಂತ ಹಗುರ ಅಂದ್ಕೊಳ್ಳಿ. ನನ್ನ ಕಾಲದಲ್ಲಿ ಜೆನ್‌ಏರ್ ಅಂತ ಅಲ್ಯೂಮಿನಿಯಂ ಮೈಯಿಂದು ಇತ್ತು, ಆಮೇಲೆ ಸ್ಲೊವೇನಿಯಾ ದೇಶದ ಪಿಪಿಸ್ಟ್ರೆಲ್ ಕಂಪನಿಯ ವೈರಸ್ ಎಸ್‌ಡಬ್ಲ್ಯೂ 80 ಬಂತು. ಹೆಸರು ಕೇಳಿ ಹೆದರ್ಬೇಡಿ, ಕೊರೊನಾಗೂ ಅದಕ್ಕೂ ಸಂಬಂಧ ಇಲ್ಲ, 2015ರಲ್ಲೇ 194 ವಿಮಾನಕ್ಕೆ ಒಪ್ಪಂದ ಆಗಿತ್ತು, ಏರ್‌ಫೋರ್ಸ್, ನೇವಿ, ಎನ್‌ಸಿಸಿ ಮೂವರಿಗೂ ಸೇರಿ. 80 ಹಾರ್ಸ್‌ಪವರ್ ಎಂಜಿನ್ ಅಷ್ಟೇ. ಏರ್‌ಫೋರ್ಸ್ ಪೈಲಟ್ ಪಕ್ಕದ ಸೀಟಲ್ಲಿ ಕೂತಿರ್ತಾರೆ, ಅವರ ಕೈಲೂ ಕಂಟ್ರೋಲ್ ಇರುತ್ತೆ, ಮಗು ಕೈಲೂ ಇರುತ್ತೆ. ಮೇಲೆ ಹೋಗಿ ಸ್ವಲ್ಪ ಹೊತ್ತು ‘ಈಗ ನೀನು ಹಿಡ್ಕೋ’ ಅಂತಾರೆ. ಆ ಸ್ವಲ್ಪ ಹೊತ್ತು ಇದ್ಯಲ್ಲ, ಕೆಳಗಿಳಿದ ಮೇಲೆ ಆ ಮಕ್ಕಳ ಮುಖ ನೋಡ್ಬೇಕು, ಯಾರ ಜೊತೇನೂ ಮಾತಾಡಲ್ಲ, ಸುಮ್ನೆ ನಗ್ತಿರ್ತಾರೆ.

ಆದ್ರೆ ಒಬ್ಬೊಬ್ಬರಿಗೆ ಸಿಗೋದು ಕೆಲವೇ ಸಲ. ವಿಮಾನ ಕಡಿಮೆ, ಮಕ್ಕಳು ಜಾಸ್ತಿ, ಮೇಲಿಂದ ಮಳೆ, ಗಾಳಿ. ಇಪ್ಪತ್ತು ನಿಮಿಷ ಹಾರೋಕೆ ಇಡೀ ಬೆಳಗ್ಗೆ ಕಾಯ್ಬೇಕು, ಇಳಿದ ಮೇಲೆ ರೆಕ್ಕೆ ಅಂಚಿಗೆ ಅಂಟಿದ ಹುಳ ಎಲ್ಲಾ ಸೋಪುನೀರಲ್ಲಿ ಒರೆಸ್ಬೇಕು, ಹ್ಯಾಂಗರ್‌ಗೆ ತಳ್ಬೇಕು. ಲೈಸೆನ್ಸ್ ಅಂತೂ ಕೊಡಲ್ಲ. ಇದನ್ನ ಮಗಳಿಗೆ ಮೊದ್ಲೇ ಹೇಳಿ. ಹೇಳಿದ ಮೇಲೂ ಕಣ್ಣಲ್ಲಿ ಬೆಳಕು ಉಳಿದಿದ್ರೆ ಸೇರ್ಸಿ.

ಎಲ್ಲಿ ಅಂತ ಕೇಳಿದ್ರಲ್ಲ. ಎಲ್ಲಾ ಕಾಲೇಜಲ್ಲೂ ಎನ್‌ಸಿಸಿ ಇರಲ್ಲ, ಇದ್ದ ಕಡೆಯೂ ನಮ್ಮ ಶಿವಮೊಗ್ಗ ಸೀಮೇಲಿ ನೀವು ನೋಡೋದು ಹೆಚ್ಚಾಗಿ ಖಾಕಿ ಹಾಕಿದ ಆರ್ಮಿ ವಿಂಗ್. ಏರ್ ಸ್ಕ್ವಾಡ್ರನ್ ಬೇಕು ಅಂದ್ರೆ ಬೆಂಗ್ಳೂರು, ಮಂಗ್ಳೂರು ಕಡೆ ನೋಡ್ಬೇಕಾಗುತ್ತೆ. ಅಡ್ಮಿಷನ್ ಟೈಮಲ್ಲಿ ಕಾಲೇಜು ಆಫೀಸಲ್ಲಿ ‘ಎನ್‌ಸಿಸಿ ಇದ್ಯಾ’ ಅಂತ ಕೇಳ್ಬೇಡಿ, ಇದೆ ಅಂತಾರೆ, ನೀವೂ ಫೀಸು ಕಟ್ಟಿಬಿಡ್ತೀರಿ. ‘ಯಾವ ವಿಂಗು, ಹುಡುಗೀರಿಗೆ ಎಷ್ಟು ಸೀಟು, ಎನ್‌ಸಿಸಿ ನೋಡ್ಕೊಳ್ಳೋ ಲೆಕ್ಚರರ್ ಯಾರು’ ಅಂತ ಮೂರು ಪ್ರಶ್ನೆ ಕೇಳಿ, ಆಮೇಲೆ ಆ ಲೆಕ್ಚರರನ್ನೇ ಹುಡುಕ್ಕೊಂಡು ಹೋಗಿ ಮಾತಾಡಿ. ನಮ್ಮ ಪರಿಚಯದವರೊಬ್ಬರು ಮಗನ್ನ ಏರ್ ವಿಂಗ್ ಅಂತ ನಂಬಿ ಒಂದು ಕಾಲೇಜಿಗೆ ಸೇರಿಸಿ, ಹಾಸ್ಟೆಲ್ಲಿಗೂ ದುಡ್ಡು ಕಟ್ಟಿ, ಜುಲೈಯಲ್ಲಿ ನೋಡಿದ್ರೆ ಅಲ್ಲಿ ಇದ್ದಿದ್ದು ಸಮಾಜಸೇವೆಯ ಎನ್‌ಎಸ್‌ಎಸ್ ಮಾತ್ರ.

ಇನ್ನೊಂದು ದಾರೀನೂ ಇದೆ. ಪಿಯುಸಿ ಆದ ಕೂಡ್ಲೇ ಎನ್‌ಡಿಎ, ಅಂದ್ರೆ ಮೂರೂ ಸೇನೆಗೆ ಆಫೀಸರ್‌ಗಳನ್ನ ತಯಾರು ಮಾಡೋ ಅಕಾಡೆಮಿ. ಹುಡುಗೀರಿಗೆ 2022ರಿಂದ ಅದರ ಬಾಗಿಲು ತೆಗೆದಿದೆ, ಪರೀಕ್ಷೆ ವರ್ಷಕ್ಕೆ ಎರಡು ಸಲ, ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ. ಯಾವ ದಾರಿ ಹಿಡಿದ್ರೂ ಫಿಸಿಕ್ಸ್, ಮ್ಯಾಥ್ಸ್ ಬಿಡೋ ಹಾಗಿಲ್ಲ. ‘ಮ್ಯಾಥ್ಸ್ ಕಷ್ಟ, ಬಯಾಲಜಿ ತಗೋ’ ಅಂತ ಯಾರಾದ್ರೂ ಅತ್ತೆನೋ ಚಿಕ್ಕಮ್ಮನೋ ಹೇಳೋ ಮೊದ್ಲು ಈ ಪುಟಾನ ಹರಿದು ಫ್ರಿಜ್ಜಿಗೆ ಅಂಟ್ಸಿ.

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಸೆಕೆಂಡ್ ಇಯರ್, ಆರ್ಮಿ ವಿಂಗ್ ಕೆಡೆಟ್. ಆರ್ಮಿ ವಿಂಗ್ ‘ಸಿ’ ಸರ್ಟಿಫಿಕೇಟ್ ಇಟ್ಕೊಂಡು ಏರ್‌ಫೋರ್ಸ್ ಪೈಲಟ್ ಆಗೋಕಾಗುತ್ತಾ? ಈಗ ವಿಂಗ್ ಬದಲಾಯಿಸ್ಬೇಕಾ?
(ಒಬ್ಬ ಕೆಡೆಟ್, ಶಿವಮೊಗ್ಗ)

ಉತ್ತರ: ತಮ್ಮಾ, ಆಗುತ್ತೆ, ಆದ್ರೆ ಸರ್ಟಿಫಿಕೇಟ್ ಬಲದ ಮೇಲೆ ಅಲ್ಲ. ಏರ್‌ಫೋರ್ಸಿನ ಫ್ಲೈಯಿಂಗ್ ಬ್ರಾಂಚಿಗೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಅಂತ ಇದೆ, ಅದಕ್ಕೆ ಏರ್ ವಿಂಗಿನ ‘ಸಿ’ ನೇ ಬೇಕು. ಅದು ಇದ್ದವರು ರಿಟನ್ ಪರೀಕ್ಷೆ ಬರೀದೇ ನೇರ ಎಸ್‌ಎಸ್‌ಬಿ (ಸೇನೆಗೆ ಆಫೀಸರ್ ಆರಿಸೋ ಬೋರ್ಡ್) ಇಂಟರ್‌ವ್ಯೂಗೆ ಹೋಗ್ತಾರೆ, ಡಿಗ್ರಿ ಆದವರು ಬರೆಯೋ ಸಿಡಿಎಸ್, ಎಎಫ್‌ಕ್ಯಾಟ್ ಅನ್ನೋ ಆಫೀಸರ್ ಪರೀಕ್ಷೆಗಳ ಸೀಟಲ್ಲಿ ಶೇ. 10 ಅವರಿಗೆ. ನಿನಗೆ ಆ ಬಾಗಿಲು ಇಲ್ಲ, ಆದ್ರೆ ಅದೇ ಸಿಡಿಎಸ್, ಎಎಫ್‌ಕ್ಯಾಟ್ ಪರೀಕ್ಷೆ ಎಲ್ಲರ ಹಾಗೆ ಬರೆದು ಒಳಗೆ ಹೋಗ್ಬಹುದು. ಫ್ಲೈಯಿಂಗಿಗೆ ವಯಸ್ಸು 20ರಿಂದ 24, ಡಿಗ್ರಿಯಲ್ಲಿ ಶೇ. 60, ಪಿಯುಸಿಯಲ್ಲಿ ಫಿಸಿಕ್ಸ್ ಮ್ಯಾಥ್ಸ್ ಓದಿರ್ಬೇಕು. ಇನ್ನು ನಿನ್ನ ‘ಸಿ’ ಗೆ ಬೆಲೆ ಇಲ್ಲ ಅಂದ್ಕೋಬೇಡ, ಆರ್ಮಿಯಲ್ಲೂ ಇದೇ ಥರ ರಿಟನ್ ಇಲ್ಲದ ಎನ್‌ಸಿಸಿ ಎಂಟ್ರಿ ಇದೆ, ‘ಸಿ’ ಪರೀಕ್ಷೆಯಲ್ಲಿ ‘ಬಿ’ ಗ್ರೇಡಿಗೆ ಕಡಿಮೆ ಬರದ ಹಾಗೆ ನೋಡ್ಕೋ.

ಸೆಕೆಂಡ್ ಇಯರಲ್ಲಿ ವಿಂಗಿಗೋಸ್ಕರ ಕಾಲೇಜು ಬಿಡೋದು ಮಳ್ಳುತನ. ಇದ್ದಲ್ಲೇ ಮುಗಿಸು.

ಆದ್ರೆ ಒಂದು ವಿಷಯ ನೆನಪಿಟ್ಕೋ, ಇದನ್ನ ಯಾರೂ ಹುಡುಗರಿಗೆ ಸರಿಯಾಗಿ ಹೇಳಲ್ಲ. ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡಲ್ಲಿ (ನಮಗೆ ಹತ್ರ ಅಂದ್ರೆ ಮೈಸೂರಿಂದು) ಪೈಲಟ್ ಆಗೋರಿಗೆ ಸಿಪಿಎಸ್‌ಎಸ್ ಅಂತ ಕಂಪ್ಯೂಟರ್ ಮೇಲೆ ಒಂದು ಪರೀಕ್ಷೆ ಮಾಡ್ತಾರೆ, ಕೈ, ಕಾಲು, ಕಣ್ಣು, ಕಿವಿ ಎಲ್ಲಾ ಒಟ್ಟಿಗೆ ಕೆಲಸ ಮಾಡುತ್ತಾ ಅಂತ ನೋಡೋಕೆ. ಅದು ಜೀವಮಾನಕ್ಕೆ ಒಂದೇ ಸಲ. ಫೇಲಾದ್ರೆ ಏರ್‌ಫೋರ್ಸ್ ಪೈಲಟ್ ದಾರಿ ಅಲ್ಲಿಗೆ ಮುಗೀತು, ಮುಂದಿನ ವರ್ಷ ನೋಡೋಣ ಅನ್ನೋ ಹಾಗಿಲ್ಲ. ಅದಕ್ಕೇ ‘ಒಂದ್ಸಲ ಸುಮ್ನೆ ಟ್ರೈ ಮಾಡಿ ಬರ್ತೀನಿ’ ಅಂತ ತಯಾರಿ ಇಲ್ದೇ ಬಸ್ ಹತ್ಬೇಡ, ಸುಸ್ತು, ನಿದ್ದೆಗೆಟ್ಟು ಹೋಗ್ಬೇಡ. ಹಿಂದಿನ ದಿನ ರಾತ್ರಿ ಬಸ್ಸಲ್ಲಿ ಘಾಟಿ ತಿರುವಲ್ಲಿ ವಾಂತಿ ಮಾಡ್ಕೊಂಡು ಬೆಳಗ್ಗೆ ಪರೀಕ್ಷೆಗೆ ಕೂತ ನಮ್ಮೂರ ಹುಡುಗನ ಕಥೆ ನನಗೆ ಗೊತ್ತು, ಪಾಪ.

ಪ್ರಶ್ನೆ: ಕನ್ನಡಕ ಹಾಕ್ಕೊಂಡ್ರೆ ಪೈಲಟ್ ಆಗೋಕಾಗಲ್ವಾ?
(ಒಂಬತ್ತನೇ ಕ್ಲಾಸ್ ಹುಡುಗಿ, ಸೊರಬ)

ಉತ್ತರ: ಪ್ಯಾಸೆಂಜರ್ ವಿಮಾನದ ಪೈಲಟ್ ಆಗೋಕೆ ಕನ್ನಡಕ ಅಡ್ಡಿ ಇಲ್ಲ ಪುಟ್ಟಿ, ಕನ್ನಡಕ ಹಾಕಿ ದೃಷ್ಟಿ ಸರಿಹೋದ್ರೆ ಸಾಕು. ಏರ್‌ಫೋರ್ಸ್ ಫ್ಲೈಯಿಂಗಿಗೆ ಭಾಳ ಬಿಗಿ, ದೂರದ್ದು ಕಾಣಲ್ಲ ಅಂತ ಹಾಕೋ ಮೈನಸ್ ನಂಬರ್ ಇದ್ರೆ ಕಷ್ಟ. ಬಣ್ಣ ಗುರುತಿಸೋದು ಎರಡು ಕಡೆಯೂ ನೋಡ್ತಾರೆ. ಏರ್‌ಫೋರ್ಸಲ್ಲಿ ಕಾಲಿನ ಉದ್ದಾನೂ ಅಳೀತಾರೆ, 99ರಿಂದ 120 ಸೆಂಟಿಮೀಟರ್ ಒಳಗೆ ಇರ್ಬೇಕು, ಯಾಕಂದ್ರೆ ಪೆಡಲ್ ಎಟುಕ್ಬೇಕು, ಮತ್ತೆ ತುರ್ತಲ್ಲಿ ಸೀಟು ಸಮೇತ ಹೊರಗೆ ಹಾರೋವಾಗ ಮೊಣಕಾಲು ಡ್ಯಾಶ್‌ಬೋರ್ಡಿಗೆ ಬಡೀಬಾರ್ದು. ನೀನಿನ್ನೂ ಬೆಳೀತಿದೀಯ, ಟೇಪ್ ಹಿಡ್ಕೊಂಡು ಕೂರ್ಬೇಡ.

ಪ್ರಶ್ನೆ: ಮಗನಿಗೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಮಾಡಿಸ್ಬೇಕು ಅಂತ ಒಬ್ಬ ಏಜೆಂಟ್ ಬಂದಿದ್ದ, ಅಡ್ವಾನ್ಸ್ ಈಗ್ಲೇ ಕಟ್ಟಿ ಸೀಟು ಹಿಡ್ಕೊಳ್ಳಿ ಅಂತಾನೆ. ಎನ್‌ಸಿಸಿಯಲ್ಲಿ ಹಾರಿದ ಗಂಟೆ ಅದಕ್ಕೆ ಲೆಕ್ಕಕ್ಕೆ ಬರುತ್ತಂತೆ, ಅರ್ಧ ದುಡ್ಡು ಉಳಿಯುತ್ತಂತೆ. ತೋಟದ ಮೇಲೆ ಸಾಲ ಎತ್ಬೇಕಾಗುತ್ತೆ, ಏನ್ ಮಾಡ್ಲಿ?
(ಅಡಿಕೆ ಬೆಳೆಗಾರ, ಸಾಗರ)

ಉತ್ತರ: ರಾಯ್ರೆ, ಮೊದ್ಲು ಆ ಏಜೆಂಟ್‌ಗೆ ಕಾಫಿ ಕೊಟ್ಟು ಕಳ್ಸಿ. ಅರ್ಧ ದುಡ್ಡು ಉಳಿಯುತ್ತೆ ಅನ್ನೋದು ಶುದ್ಧ ಬೂಸಿ. ಲೈಸೆನ್ಸಿಗೆ ಬೇಕಾಗಿರೋದು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್ ಆಗಿ, ಅಂದ್ರೆ ವಿಮಾನದ ಪೂರ್ತಿ ಜವಾಬ್ದಾರಿ ಹೊತ್ತು. ಎನ್‌ಸಿಸಿ ಕೆಡೆಟ್ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರಿಸ್ಕೊಂಡು ಅಷ್ಟಿಷ್ಟು ಹೊತ್ತು ಹಾರಿದ್ದು ಆ ಬೆಟ್ಟದ ಮುಂದೆ ಒಂದು ಕಲ್ಲು. ಎನ್‌ಸಿಸಿ ಇರೋದು ರುಚಿ ತೋರ್ಸೋಕೆ, ಹೊಟ್ಟೆ ತುಂಬ್ಸೋಕಲ್ಲ.

ನನ್ನ ಕೇಳಿದ್ರೆ ಕ್ರಮ ಹೀಗೆ. ಮೊದ್ಲು ದುಡ್ಡಲ್ಲ, ಮೆಡಿಕಲ್. ಡಿಜಿಸಿಎ (ದೇಶದ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಒಪ್ಪಿದ ಡಾಕ್ಟ್ರ ಹತ್ರ ಕ್ಲಾಸ್ 2 ಮೆಡಿಕಲ್ ಮಾಡ್ಸಿ, ಪಾಸಾದ್ರೆ ಕ್ಲಾಸ್ 1, ಅದನ್ನ ಬೆಂಗ್ಳೂರಿನ ಏರೋಸ್ಪೇಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಲ್ಲೂ ಮಾಡ್ತಾರೆ. ಮೂವತ್ತು ಲಕ್ಷ ಖರ್ಚು ಮಾಡಿದ ಮೇಲೆ ಹಾರ್ಟಲ್ಲಿ ಏನೋ ಸಣ್ಣ ದೋಷ ಅಂತ ಗೊತ್ತಾದ್ರೆ ಆ ದುಡ್ಡು ವಾಪಸ್ ಬರಲ್ಲ. ಮೆಡಿಕಲ್ ಆದ್ಮೇಲೆ ಥಿಯರಿ ಪರೀಕ್ಷೆಗಳು, ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್, ಪಾಸಾಗೋಕೆ ನೂರಕ್ಕೆ 70 ಬೇಕು. ಇವನ್ನ ಹಾರಾಟಕ್ಕೆ ಮೊದ್ಲೇ ಬರೀಬಹುದು, ಖರ್ಚೂ ಕಡಿಮೆ. ಮಗ ಕೂತು ಓದಿ ಅದರಲ್ಲಿ ಎರಡು ಪೇಪರ್ ಪಾಸ್ ಮಾಡಿ ತೋರಿಸ್ಲಿ, ಆಮೇಲೆ ಬ್ಯಾಂಕಿಗೆ ಹೋಗಿ. ಪಾಸ್ ಆಗಲ್ಲ ಅಂದ್ರೆ ನಿಮ್ಮ ತೋಟ ಉಳೀತು.

ಖರ್ಚು ಎಷ್ಟು ಅಂದ್ರೆ ಅರ್ಧ ಕೋಟಿ ಹತ್ರ, ಕೆಲವು ಕಡೆ ಅದಕ್ಕೂ ಮೇಲೆ, ಆಮೇಲೆ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್ ಅಂತ, ಆ ಮಾದರಿ ಓಡಿಸೋಕೆ ಪ್ರತ್ಯೇಕ ಟ್ರೈನಿಂಗು, ಅದು ಬೇರೆ. ಲೈಸೆನ್ಸ್ ಕೈಗೆ ಬಂದ ಕೂಡ್ಲೇ ಕೆಲಸ ಬಂದು ಬಾಗಿಲು ತಟ್ಟಲ್ಲ, ವರ್ಷಗಟ್ಲೆ ಕಾದವರೂ ಇದಾರೆ. ಬೆಂಗ್ಳೂರಿನ ಜಕ್ಕೂರಲ್ಲಿ ನಮ್ಮ ರಾಜ್ಯ ಸರ್ಕಾರದ್ದೇ ಫ್ಲೈಯಿಂಗ್ ಸ್ಕೂಲ್ ಇದೆ, ಹೋಗಿ ವಿಚಾರಿಸಿ, ಅಲ್ಲಿ ಗೇಟ್ ಹತ್ರ ನಿಂತು ಹುಡುಗರ ಹತ್ರಾನೇ ಕೇಳಿ, ತಿಂಗಳಿಗೆ ಎಷ್ಟು ಗಂಟೆ ಹಾರಿಸ್ತಾರೆ, ಎಷ್ಟು ವಿಮಾನ ಓಡ್ತಿದೆ, ಎಷ್ಟು ಶೆಡ್ಡಲ್ಲಿ ನಿಂತಿದೆ ಅಂತ. ಇನ್ನೆಲ್ಲಿಗೆ ಹೋದ್ರೂ ಇದೇ ಪ್ರಶ್ನೆ ಕೇಳಿ. ಬ್ರೋಷರಲ್ಲಿ ಎಲ್ಲಾ ವಿಮಾನಾನೂ ಹಾರ್ತಾನೇ ಇರುತ್ತೆ.

ಪ್ರಶ್ನೆ: ಲೀಡರ್‌ಶಿಪ್ಪು ಲೀಡರ್‌ಶಿಪ್ಪು ಅಂತ ಎನ್‌ಸಿಸಿಯವರು ಬಾಯಿ ಬಡ್ಕೋತಾರೆ. ನಾನು ಮೂವತ್ತು ವರ್ಷ ಪಾಠ ಮಾಡಿದವನು. ಬಿಸಿಲಲ್ಲಿ ‘ಸಾವಧಾನ್, ವಿಶ್ರಾಮ್’ ಅಂತ ಕಾಲು ಅಪ್ಪಳಿಸೋದ್ರಿಂದ ಹೇಳಿದ್ದು ಕೇಳೋ ಗುಲಾಮ ಹುಟ್ಬಹುದು, ನಾಯಕ ಹೆಂಗೆ ಹುಟ್ತಾನೆ? ಸ್ವಲ್ಪ ವಿವರಿಸ್ತೀರಾ?
(ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ)

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಅರ್ಧ ನನ್ನ ಓಟು. ಬರೀ ಡ್ರಿಲ್ ಮಾಡಿಸಿ, ಜನವರಿ 26ಕ್ಕೆ ಅತಿಥಿಗಳಿಗೆ ಸೆಲ್ಯೂಟ್ ಹೊಡೆಸಿ, ಉಳಿದ ದಿನ ಕಾಲೇಜು ಫಂಕ್ಷನ್‌ಗೆ ಕುರ್ಚಿ ಎತ್ಸೋಕೆ ಇಟ್ಕೊಂಡಿರೋ ಯೂನಿಟ್‌ಗಳೂ ನಾನು ನೋಡಿದೀನಿ. ಅಲ್ಲಿ ನೀವು ಹೇಳಿದ್ದೇ ಆಗೋದು.

ಆದ್ರೆ ವಿಮಾನದ ಹತ್ರ ಒಂದು ಬೇರೆ ಥರದ ಶಿಸ್ತು ಇದೆ, ಅದನ್ನ ಹೇಳ್ತೀನಿ ಕೇಳಿ. ಹಾರೋ ಮೊದ್ಲು ಕೆಡೆಟ್ ಚೆಕ್‌ಲಿಸ್ಟ್ ಹಿಡ್ಕೊಂಡು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕ್ಬೇಕು. ಟೈರ್ ಗಾಳಿ, ಪ್ರೊಪೆಲ್ಲರ್ ಅಂಚಲ್ಲಿ ಬಿರುಕು, ರೆಕ್ಕೆ ತುದಿಯ ಐಲೆರಾನ್ (ವಿಮಾನ ವಾಲಿಸೋ ಪಟ್ಟಿ) ಸರಾಗ ಆಡುತ್ತಾ, ಬಾಲದ ಬೋಲ್ಟು ಸಡಿಲ ಆಗದ ಹಾಗೆ ಲಾಕಿಂಗ್ ವೈರ್ ಇದ್ಯಾ, ಪೆಟ್ರೋಲಲ್ಲಿ ನೀರು ಸೇರಿದ್ಯಾ ಅಂತ ಸ್ವಲ್ಪ ಗಾಜಿನ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿದು ನೋಡೋದು. ಇದನ್ನ ಮೆಕ್ಯಾನಿಕ್ ಒಂದ್ಸಲ ನೋಡಿರ್ತಾನೆ, ಪೈಲಟ್ ಇನ್ನೊಂದ್ಸಲ ನೋಡ್ತಾರೆ, ಆದ್ರೂ ಕೆಡೆಟ್ ಕೈಲೂ ನೋಡಿಸ್ತಾರೆ.

ನಾನು ಆ ಸ್ಕ್ವಾಡ್ರನ್‌ನಲ್ಲಿದ್ದಾಗ, ಎಲ್ಲಿ ಅಂತ ಬೇಡ, ಒಂದು ಸೋಮವಾರ ಬೆಳಗ್ಗೆ ನಡೆದಿದ್ದು. ಶುಕ್ರವಾರ ಸಂಜೆ ಪಿಟೋಟ್ ಟ್ಯೂಬಿಗೆ ಕವರ್ ಹಾಕೋಕೆ ಮರ್ತಿದ್ದೆ, ನಾನೇ, ಬೇರೆ ಯಾರ ಮೇಲೂ ಹಾಕಲ್ಲ. ಪಿಟೋಟ್ ಟ್ಯೂಬ್ ಅಂದ್ರೆ ರೆಕ್ಕೆ ಹತ್ರ ಮುಂದಕ್ಕೆ ಚಾಚಿರೋ ಒಂದು ಸಣ್ಣ ಕೊಳವೆ, ಎದುರು ಗಾಳಿ ಅದರೊಳಗೆ ನುಗ್ಗೋ ಒತ್ತಡದ ಮೇಲೆ ವಿಮಾನದ ಸ್ಪೀಡು ಮೀಟರ್ ಓಡೋದು. ಅದು ಕಟ್ಟಿಕೊಂಡ್ರೆ ವಿಮಾನ ಓಡ್ತಿರುತ್ತೆ, ಮೀಟರ್ ಮಾತ್ರ ಸೊನ್ನೆ ತೋರಿಸುತ್ತೆ ಅಥವಾ ತಪ್ಪು ತೋರಿಸುತ್ತೆ, ಸ್ಪೀಡ್ ಕಡಿಮೆಯಾಗಿದ್ದು ಗೊತ್ತಾಗ್ದೇ ಇದ್ರೆ ರೆಕ್ಕೆ ಎತ್ತೋ ಬಲ ಬಿಟ್ಟು ವಿಮಾನ ಕೆಳಗೆ ಕುಸಿಯುತ್ತೆ, ಸ್ಟಾಲ್ ಅಂತೀವಿ.

ಅವತ್ತು ಲೈನಲ್ಲಿ ಮೊದಲು ನಿಂತಿದ್ದ ಹುಡುಗಿ, ಹಳ್ಳಿ ಕಡೆಯವಳು, ಇಂಗ್ಲಿಷ್‌ನಲ್ಲಿ ಹೆಸರು ಕೇಳಿದ್ರೂ ಬೆವರ್ತಿದ್ದಳು, ಡ್ರಿಲ್ಲಲ್ಲಿ ಅಂತೂ ಯಾವಾಗ್ಲೂ ಒಂದು ಹೆಜ್ಜೆ ಹಿಂದೆ. ಚೆಕ್‌ಲಿಸ್ಟ್ ಹಿಡ್ಕೊಂಡು ಸುತ್ತ ಬಂದವಳು ಆ ಕೊಳವೆ ಮುಂದೆ ನಿಂತುಬಿಟ್ಟಳು. ಪೈಲಟ್ ಆಗ್ಲೇ ಸೀಟಲ್ಲಿ ಬೆಲ್ಟ್ ಹಾಕ್ಕೊಂಡಾಗಿತ್ತು, ಬೇಗ ಬಾ ಅಂತ ಕೈ ಮಾಡಿದ್ರು. ಇವಳು ಬರ್ಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದ್ಲು, ‘ಸರ್, ಇದರೊಳಗೆ ಕುಂಬಾರ ಹುಳ ಮಣ್ಣು ಮೆತ್ತಿದೆ.’ ನಾನು ನಕ್ಕೆ. ಹೋಗಿ ನೋಡ್ತೀನಿ, ನಿಜವಾಗ್ಲೂ ಮೆತ್ತಿದೆ, ಎರಡು ದಿನದಲ್ಲಿ ಹುಳ ಗೂಡು ಕಟ್ಟೋಕೆ ಶುರು ಮಾಡಿತ್ತು. ಅವರ ಮನೆ ಕಿಟಕಿ ಸಂದಿಗೆ, ಸ್ವಿಚ್ ಬೋರ್ಡ್ ತೂತಿಗೆ ಅದು ಗೂಡು ಕಟ್ಟೋದನ್ನ ಚಿಕ್ಕವಳಿದ್ದಾಗಿಂದ ನೋಡಿದ್ಲಂತೆ, ಅದಕ್ಕೇ ತೂತು ಕಂಡ ಕೂಡ್ಲೇ ಬಗ್ಗಿ ಇಣುಕಿದಾಳೆ.

ಆವತ್ತಿನ ಹಾರಾಟ ಕ್ಯಾನ್ಸಲ್. ಕಾಯ್ತಿದ್ದ ಹನ್ನೊಂದು ಮಕ್ಕಳ ಮುಖ ಸಪ್ಪೆ, ಇವಳದ್ದೂ ಸಪ್ಪೆ, ಯಾಕಂದ್ರೆ ಮೊದಲ ಸರದಿ ಇವಳದ್ದೇ ಇತ್ತು. ನನಗೆ ಬೈಗುಳ ಬಿತ್ತು, ಬೀಳ್ಬೇಕಾಗಿದ್ದೇ. ಮರುದಿನ ಪೈಲಟ್ ಸಾಹೇಬ್ರು ಆ ಹುಡುಗಿನೇ ಮುಂದೆ ನಿಲ್ಸಿ ಉಳಿದವರಿಗೆ ವಾಕ್‌ಅರೌಂಡ್, ಅದೇ ಆ ಪ್ರದಕ್ಷಿಣೆ, ಹೆಂಗೆ ಮಾಡ್ಬೇಕು ಅಂತ ಹೇಳಿಕೊಡೋಕೆ ಹೇಳಿದ್ರು. ಅಲ್ಲೀವರೆಗೆ ಬಾಯಿ ಬಿಡದವಳು ಹದಿನೈದು ನಿಮಿಷ ಮಾತಾಡಿದ್ಲು, ಡ್ರಿಲ್ಲಲ್ಲಿ ಮುಂದೆ ನಿಲ್ತಿದ್ದ ಹುಡುಗರು ಕೈಕಟ್ಟಿ ಕೇಳಿದ್ರು.

ನೀವು ಕೇಳಿದ ನಾಯಕತ್ವ ನನಗೆ ಕಂಡಿದ್ದು ಅಲ್ಲಿ, ಪರೇಡ್ ಗ್ರೌಂಡಲ್ಲಿ ಅಲ್ಲ. ಪದವಿಯಲ್ಲಿ ದೊಡ್ಡವರು ಬಾ ಬಾ ಅಂತ ಅವಸರ ಮಾಡ್ತಿರೋವಾಗ ‘ಇಲ್ಲ ಸರ್, ನಿಲ್ಸಿ’ ಅನ್ನೋದು ಇದ್ಯಲ್ಲ, ಅದು ಹತ್ತೊಂಬತ್ತು ವರ್ಷದವರಿಗೆ ಹುಡುಗಾಟ ಅಲ್ಲ. ಮತ್ತೆ ಇಲ್ಲೇ ಒಂದು ತಮಾಷೆ ನೋಡಿ, ಆ ಧೈರ್ಯ ಬರೋಕೆ ಕೈಯಲ್ಲಿ ಚೆಕ್‌ಲಿಸ್ಟ್ ಇರ್ಬೇಕಾಯ್ತು. ಸಾಲು ಸಾಲಾಗಿ ಬರೆದಿದ್ದನ್ನ ಬಿಡದೇ ನೋಡು ಅಂತ ತಿಂಗಳುಗಟ್ಲೆ ತಲೆಗೆ ತುಂಬಿದ್ದೂ ಶಿಸ್ತೇ ಅಲ್ವಾ. ಹಾಗಾಗಿ ಸಾವಧಾನ್‌ನ ಪೂರ್ತಿ ಬಯ್ಯೋಕೆ ನನಗೆ ಬಾಯಿ ಬರಲ್ಲ. ಒಂದು ದಿನ ತೋಟದ ಕಡೆ ಬನ್ನಿ, ಮಾತು ಮುಂದುವರಿಸೋಣ.

ಪ್ರಶ್ನೆ: ಹತ್ತು ದಿನ ಕ್ಯಾಂಪಿಗೆ ಹುಡುಗೀನ ಕಳ್ಸೋದಾ ಅಂತ ಮನೇಲಿ ಅಜ್ಜಿ, ದೊಡ್ಡಪ್ಪ ಎಲ್ಲಾ ಗಲಾಟೆ. ನಾನು ಹೋಗ್ಲೇಬೇಕು. ಏನ್ ಹೇಳಿ ಒಪ್ಪಿಸ್ಲಿ?
(ಡಿಗ್ರಿ ವಿದ್ಯಾರ್ಥಿನಿ, ಕೊಪ್ಪ)

ಉತ್ತರ: ಕ್ಯಾಂಪ್ ಹೋಗ್ದೇ ಇದ್ರೆ ‘ಬಿ’ ಪರೀಕ್ಷೆಗೇ ಕೂರ್ಸಲ್ಲ ಅಂತ ಮೊದ್ಲು ಹೇಳು, ಅದು ನಿಜಾನೇ, ಪರೇಡಿಗೆ ಶೇ. 75 ಹಾಜರಿ ಜೊತೆ ಕ್ಯಾಂಪೂ ಕಡ್ಡಾಯ. ಹುಡುಗೀರಿಗೆ ಉಳ್ಕೊಳ್ಳೋ ಜಾಗ ಬೇರೆ, ನೋಡ್ಕೊಳ್ಳೋಕೆ ಲೇಡಿ ಆಫೀಸರ್, ಲೇಡಿ ಇನ್‌ಸ್ಟ್ರಕ್ಟರ್ ಇರ್ತಾರೆ. ದೊಡ್ಡಪ್ಪನ್ನ ಕರ್ಕೊಂಡು ಹೋಗಿ ನಿಮ್ಮ ಎನ್‌ಸಿಸಿ ಮೇಡಮ್ ಹತ್ರ ಮಾತಾಡ್ಸು, ಗಂಡಸರಿಗೆ ಆಫೀಸಲ್ಲಿ ಕುರ್ಚಿ ಕೊಟ್ಟು ಕೂರಿಸಿ ಹೇಳಿದ್ರೆ ಅರ್ಧ ಸಿಟ್ಟು ಇಳಿಯುತ್ತೆ.

ಅಜ್ಜಿಗೆ ಮೇಘನಾ ಶಾನುಭೋಗ್ ಕಥೆ ಹೇಳು. ನಿಮ್ಮ ಚಿಕ್ಕಮಗಳೂರು ಜಿಲ್ಲೆಯದ್ದೇ ಮರ್ಲೆ ಊರಿನವರು, ಎಂಜಿನಿಯರಿಂಗ್ ಓದಿ, 2018ರ ಡಿಸೆಂಬರಲ್ಲಿ ಹೈದರಾಬಾದ್ ಹತ್ರದ ದುಂಡಿಗಲ್ ಅಕಾಡೆಮಿಯಿಂದ ಫೈಟರ್ ಪೈಲಟ್ ಆಗಿ ಹೊರಗೆ ಬಂದ್ರು. ದೇಶಕ್ಕೆ ಮೊದಲ ಮೂರು ಮಹಿಳಾ ಫೈಟರ್ ಪೈಲಟ್‌ಗಳು ಸಿಕ್ಕಿದ್ದೇ 2016ರ ಜೂನಲ್ಲಿ, ಎರಡೂವರೆ ವರ್ಷಕ್ಕೆ ನಮ್ಮ ಕಾಫಿ ಸೀಮೆ ಹುಡುಗಿ ಆ ಸಾಲಿಗೆ ಸೇರಿದ್ರು. ಬೀದರಿನಲ್ಲಿ ಹಾಕ್ ಜೆಟ್ ಮೇಲೆ ಫೈಟರ್ ಟ್ರೈನಿಂಗ್ ಆಗೋದು ಅಂತ ಗೊತ್ತಾದ್ರೆ ಅಜ್ಜಿ ‘ಅಯ್ಯೋ ಬೀದರ್ರಾ, ಭಾಳ ಬಿಸಿಲು’ ಅಂತ ಅದಕ್ಕೂ ಒಂದು ತಕರಾರು ತೆಗೀಬಹುದು, ರೆಡಿ ಇರು.

ಪ್ರಶ್ನೆ: ನಾನು ಭದ್ರಾವತಿಯಲ್ಲಿ ಎಂಟನೇ ಕ್ಲಾಸು. ನಮ್ಮ ಸ್ಕೂಲಲ್ಲಿ ಎನ್‌ಸಿಸಿ ಇಲ್ಲ. ಈಗ್ಲೇ ಏನಾದ್ರೂ ಕಲೀಬಹುದಾ? ನಮ್ಮ ಕಸಿನ್ ಅಮೆರಿಕಾದಲ್ಲಿದಾನೆ, ಅವನು ಹನ್ನೆರಡು ವರ್ಷಕ್ಕೇ ಕೆಡೆಟ್ ಆಗಿ ವಿಮಾನದಲ್ಲಿ ಕೂತನಂತೆ.

ಉತ್ತರ: ನಿನ್ನ ಕಸಿನ್ ಸುಳ್ಳು ಹೇಳ್ತಿಲ್ಲ ಮಾರಾಯ. ಅವನು ಸೇರಿರೋದು ಸಿವಿಲ್ ಏರ್ ಪ್ಯಾಟ್ರೋಲ್ ಇರ್ಬೇಕು, 1941ರಲ್ಲಿ ಯುದ್ಧದ ಟೈಮಲ್ಲಿ ಹುಟ್ಟಿದ್ದು, ಅಲ್ಲಿ 12 ವರ್ಷಕ್ಕೆ ಸೇರಿಸ್ಕೋತಾರೆ, ಎಂಜಿನ್ ವಿಮಾನದಲ್ಲಿ ಐದು ಸಲ, ಎಂಜಿನ್ ಇಲ್ಲದ ಗ್ಲೈಡರ್‌ನಲ್ಲಿ ಐದು ಸಲ ಕೂರಿಸೋ ಪದ್ಧತಿ ಇದೆ. ಇಂಗ್ಲೆಂಡಿನ ಏರ್ ಟ್ರೈನಿಂಗ್ ಕೋರ್ ಕೂಡ ಅದೇ ವರ್ಷದ್ದು. ಅಲ್ಲೆಲ್ಲ ಕೆಡೆಟ್ ಆಗೋಕೆ ಸ್ಕೂಲಿನ ಹಂಗಿಲ್ಲ, ಊರಿನ ಸ್ಕ್ವಾಡ್ರನ್‌ಗೆ ಹೋಗಿ ಸೇರ್ಬಹುದು. ನಮ್ಮಲ್ಲಿ ಸ್ಕೂಲಿಗೆ ಸೀಟು ಕೊಟ್ಟಿದ್ರೆ ಮಾತ್ರ ಉಂಟು, ಅದು ನನಗೂ ಇಷ್ಟ ಆಗದ ವಿಷಯ, ಹಳ್ಳಿ ಮಕ್ಕಳು ಬಾಗಿಲಲ್ಲೇ ಉಳೀತಾರೆ.

ಆದ್ರೆ ನೀನು ಥರ್ಮಾಕೋಲ್ ಶೀಟು ಒಂದು ತಗೋ. ಊಟದ ತಟ್ಟೆಯಂಥ ತೆಳು ಥರ್ಮಾಕೋಲ್ ಆದ್ರೂ ಸರಿ. ಒಂದು ಅಡಿ ಉದ್ದದ ರೆಕ್ಕೆ, ಹಿಂದೆ ಸಣ್ಣ ಬಾಲ, ನಡುವೆ ಬಿದಿರು ಕಡ್ಡಿ. ಸುಮ್ನೆ ಎಸಿ. ಮೂಗು ಎತ್ತಿ ನಿಂತು ಬಿದ್ರೆ ಮೂಗಿಗೆ ಒಂದ್ರೂಪಾಯಿ ನಾಣ್ಯ ಅಂಟ್ಸು, ಸೀದಾ ನೆಲಕ್ಕೆ ಗುದ್ದಿದ್ರೆ ಭಾರ ಕಡಿಮೆ ಮಾಡು. ರೆಕ್ಕೆ ಕೆಳಗೆ ಎರಡು ಬೆರಳಿಟ್ಟು ಎತ್ತಿದಾಗ ಎಲ್ಲಿ ಸಮ ನಿಲ್ಲುತ್ತೋ ಅದು ಭಾರದ ಕೇಂದ್ರ, ಅದು ರೆಕ್ಕೆ ಮುಂದಿನ ಅಂಚಿಂದ ಸುಮಾರು ಕಾಲು ಭಾಗದಿಂದ ಮೂರರಲ್ಲಿ ಒಂದು ಭಾಗದೊಳಗೆ ಇದ್ರೆ ಚೆನ್ನಾಗಿ ತೇಲುತ್ತೆ. ರೆಕ್ಕೆ ಎರಡೂ ತುದಿ ಸ್ವಲ್ಪ ಮೇಲಕ್ಕೆ ಬಗ್ಗಿಸಿ ನೋಡು, ವಾಲಿದ್ರೂ ತಾನೇ ಸರಿಹೋಗುತ್ತೆ. ಪ್ರತಿ ಸಲ ಏನು ಬದಲಾಯಿಸಿದೆ, ಎಷ್ಟು ಹೆಜ್ಜೆ ದೂರ ಹೋಯ್ತು ಅಂತ ನೋಟ್‌ಬುಕ್ಕಲ್ಲಿ ಬರಿ. ಏರ್ ವಿಂಗಲ್ಲಿ ಬಾಲ್ಸಾ ಅನ್ನೋ ಹಗುರ ಮರದಲ್ಲಿ ಮಾಡ್ಸೋದೂ ಇದನ್ನೇ. ಏರ್ ವಿಂಗ್ ಕೆಡೆಟ್‌ಗಳ ಆಲ್ ಇಂಡಿಯಾ ವಾಯು ಸೈನಿಕ್ ಕ್ಯಾಂಪಲ್ಲಿ ಏರೋಮಾಡೆಲಿಂಗ್ ಸ್ಪರ್ಧೆಯೇ ಇರುತ್ತೆ.

ಪ್ರಶ್ನೆ: ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋ ಡ್ರೋನ್ ಓಡಿಸ್ತೀನಿ. ನಾನೂ ಪೈಲಟ್ಟೇ ಅಲ್ವಾ?
(ತೀರ್ಥಹಳ್ಳಿ)

ಉತ್ತರ: ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇದ್ರೆ ಖಂಡಿತ ಪೈಲಟ್ಟೇ. ಅದಕ್ಕೆ 18 ತುಂಬಿರ್ಬೇಕು, ಎಸ್ಸೆಸ್ಸೆಲ್ಸಿ ಪಾಸು, ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ಟ್ರೈನಿಂಗು. ಇಲ್ದಿದ್ರೆ ಮಾತು ಬೇರೆ. ಸೊಗಾನೆ ಹತ್ರದ ತೋಟಕ್ಕೆ ಮಾತ್ರ ಪರ್ಮಿಷನ್ ಇಲ್ದೇ ಹಾರಿಸ್ಬೇಡ, ಏರ್‌ಪೋರ್ಟ್ ಸುತ್ತ ರೆಡ್ ಝೋನ್. ಅಡಿಕೆಯ ಕೊಳೆರೋಗಕ್ಕೆ ಮರ ಹತ್ತಿ ಔಷಧಿ ಹೊಡೆಯೋ ನಮ್ಮ ಕೊನೆಗಾರನೇ ಬೇಕು ನನಗೆ, ಅದು ನನ್ನ ಹಳೇ ಕಾಲದ ಹಟ ಇರ್ಬಹುದು.

ಪ್ರಶ್ನೆ: ಮಳೆಗಾಲದಲ್ಲಿ ಬೆಂಗ್ಳೂರಿಂದ ಶಿವಮೊಗ್ಗಕ್ಕೆ ಬರ್ತಿದ್ದೆ, ಮನೆಯವರು ಏರ್‌ಪೋರ್ಟಲ್ಲಿ ಕಾಯ್ತಿದಾರೆ, ವಿಮಾನ ನಮ್ಮೂರ ಮೇಲೇ ಸುತ್ತಿ ಸುತ್ತಿ ವಾಪಸ್ ಬೆಂಗ್ಳೂರಿಗೇ ಹೋಯ್ತು. 3.2 ಕಿ.ಮೀ. ರನ್‌ವೇ ಇಟ್ಕೊಂಡು ಇಳಿಸೋಕಾಗಲ್ವಾ? ಪೈಲಟ್‌ಗೆ ಧೈರ್ಯ ಇಲ್ವಾ?
(ಒಬ್ಬ ಪ್ರಯಾಣಿಕ, ಶಿವಮೊಗ್ಗ)

ಉತ್ತರ: ರನ್‌ವೇ ಎಷ್ಟು ಉದ್ದ ಇದ್ರೇನು ಸ್ವಾಮಿ, ಕಾಣ್ಬೇಕಲ್ಲ. ಪ್ರತಿ ಏರ್‌ಪೋರ್ಟಿಗೂ ಇಷ್ಟು ಎತ್ತರಕ್ಕೆ ಇಳಿಯೋದ್ರೊಳಗೆ ರನ್‌ವೇ ಕಣ್ಣಿಗೆ ಬೀಳ್ಬೇಕು ಅಂತ ಒಂದು ಮಿತಿ ಇರುತ್ತೆ. ಬೀಳ್ಲಿಲ್ಲ ಅಂದ್ರೆ ಇನ್ನೊಂದಡಿ ಇಳಿದು ನೋಡ್ತೀನಿ ಅನ್ನೋ ಹಾಗಿಲ್ಲ, ಥ್ರಾಟಲ್ ಕೊಟ್ಟು ಮೇಲೆ ಏಳ್ಬೇಕು. ಸುತ್ತಿದ್ದು ಮೋಡ ಸರಿಯುತ್ತೇನೋ ಅಂತ ಕಾಯೋಕೆ. ಎಷ್ಟು ಹೊತ್ತು ಸುತ್ಬಹುದು ಅನ್ನೋದೂ ಹೊರಡೋ ಮೊದ್ಲೇ ಲೆಕ್ಕ ಆಗಿರುತ್ತೆ, ವಾಪಸ್ ಹೋಗೋಕೆ, ಅದರ ಮೇಲೆ ಇನ್ನಷ್ಟು ಹೊತ್ತಿಗೆ ಬೇಕಾದ ಇಂಧನ ಮುಟ್ಟೋ ಹಾಗಿಲ್ಲ. ಆ ಗೆರೆ ಬಂದ ಕೂಡ್ಲೇ ಕ್ಯಾಪ್ಟನ್ ವಿಮಾನದ ಮೂಗು ತಿರುಗಿಸ್ತಾರೆ, ಒಳಗೆ ಎಪ್ಪತ್ತು ಜನ ಬೈಕೊಂಡು ಕೂತಿದಾರೆ ಅಂತ ಗೊತ್ತಿದ್ರೂ.

ಆಷಾಢದಲ್ಲಿ ನಮ್ಮ ಕಡೆ ಮೋಡ ಅಂಗಳಕ್ಕೇ ಇಳಿಯುತ್ತೆ, ನಿಮಗೆ ನಾನು ಹೇಳ್ಬೇಕಾ. ಮುಂದಿನ ಸಲ ಜುಲೈಯಲ್ಲಿ ಬರೋದಿದ್ರೆ ಟ್ರೈನ್ ಟಿಕೆಟ್ ಒಂದು ಬುಕ್ ಮಾಡಿಟ್ಕೊಳ್ಳಿ, ನಾನಂತೂ ಹಾಗೇ ಮಾಡೋದು.